ಆಚಾರಿಯ ಮಷಿನ್ ನಿಂತಾಗ

ಶ್ರೀಮತಿಯ ಎಸ್‌ಟಿಡಿ ಬೂತಿಗೂ ವೆಂಕಟ್ರಮಣ ಆಚಾರಿಯ ಶೆಡ್ಡಿಗೂ ನಡುವೆ ಇದ್ದದ್ದು ಸೊಂಟದೆತ್ತರದ ಒಂದು ಚಿರೆಕಲ್ಲಿನ ಪಾಗಾರ ಮಾತ್ರ. ಬೂತು ಬಂದದ್ದು ತೊಂಬತ್ತಾರರಲ್ಲಿ. ಆಗ ಆ ಶೆಡ್ಡಿನಲ್ಲಿ ಉಳಿ, ಕೊಡತಿ, ಕೈಗರಗಸ ಬಿಟ್ಟರೆ ಬೇರೆ ಏನೂ ಇರಲಿಲ್ಲ. ಇದ್ದ ಸದ್ದೆಂದರೆ ಟಕ್ ಟಕ್ ಎಂಬುದೊಂದೇ, ಅದೂ ಆಚಾರಿ ಎಲೆಯಡಿಕೆ ಹಾಕಲು ಕೂತರೆ ನಿಲ್ಲುತ್ತಿತ್ತು.

ಮಂಕಿ ಪೇಟೆಯಿಂದ ಕಡಲಿನ ಕಡೆಗೆ ಇಳಿಯುವ ದಾರಿಯಲ್ಲಿ ಹದಿನಾರು ಮನೆಗಳ ಕೇರಿ ಅದು. ಹದಿನಾರರಲ್ಲಿ ಹನ್ನೊಂದು ಮನೆಯ ಗಂಡಸರು ಬೊಂಬಾಯಿಯಲ್ಲೋ ದುಬೈಯಲ್ಲೋ ಇದ್ದರು. ಎಡಗಾಲು ಚಿಕ್ಕಂದಿನಲ್ಲೇ ಸೋತುಹೋಗಿದ್ದ ಶ್ರೀಮತಿಗೆ ಅಂಗವಿಕಲರ ಕೋಟಾದಲ್ಲಿ ಬೂತು ಮಂಜೂರಾದಾಗ ಅವಳಿಗೆ ಮೂವತ್ನಾಲ್ಕು. ಮದುವೆಯಾಗಿರಲಿಲ್ಲ. ಆ ವಿಷಯ ಎತ್ತುವವರಿಗೂ ಅಷ್ಟು ಹೊತ್ತಿಗೆ ಸುಸ್ತಾಗಿತ್ತು. ಜಗಲಿಯ ಮೂಲೆಗೆ ಗಾಜಿನ ಬಾಗಿಲಿನ ಒಂದು ಕ್ಯಾಬಿನ್ನು, ಅದರೆದುರು ಅವಳ ಮೇಜು, ಮೇಜಿನ ಮೇಲೆ ಒಳಬರುವ ಕರೆಗಳ ಫೋನು, ಬಂದವರು ಕೂರಲಿಕ್ಕೆ ಒಂದು ಬೆಂಚು. ಕ್ಯಾಬಿನ್ನನ್ನು ಮೂರು ವಾರ ಕೂತು ಮಾಡಿಕೊಟ್ಟವನು ವೆಂಕಟ್ರಮಣನೇ. ಮೊದಲ ಮಳೆಗೆ ಅದರ ಬಾಗಿಲು ಊದಿಕೊಂಡು ನಾಲ್ಕು ಬೆರಳು ತೆರೆದೇ ನಿಂತಿತು. "ಮಳೆಗಾಲ ಮುಗಿದ್ಮೇಲೆ ಸರಿಯಾಗ್ತದೆ" ಎಂದಿದ್ದ ಅವನು. ಯಾವ ಮಳೆಗಾಲ ಎಂದು ಹೇಳಿರಲಿಲ್ಲ.

ಬೂತು ನಡೆಸುವುದಕ್ಕೆ ಶ್ರೀಮತಿ ತನಗೆ ತಾನೇ ಒಂದು ನೇಮ ಹಾಕಿಕೊಂಡಿದ್ದಳು. ಕ್ಯಾಬಿನ್ನಿನಲ್ಲಿ ಆಡಿದ ಮಾತು ಬೂತಿನ ಮೆಟ್ಟಿಲು ಇಳಿಯಬಾರದು. ಫೋನಿನಲ್ಲಿ ಬಂದ ಸುದ್ದಿ ಬಂದ ಹಾಗೇ ಮನೆ ಮುಟ್ಟಬೇಕು. ಎರಡು ವರ್ಷ ಅದು ನಡೆಯಿತು.

ತೊಂಬತ್ತೆಂಟರ ದೀಪಾವಳಿಯ ಮರುವಾರ ಆಚಾರಿ ಹುಬ್ಬಳ್ಳಿಯಿಂದ ಲಾರಿಯಲ್ಲಿ ಮಷಿನ್ ತರಿಸಿದ. ಭಟ್ಕಳದಲ್ಲಿ ಏಳುತ್ತಿದ್ದ ಹೊಸ ಮನೆಗಳ ಬಾಗಿಲು, ದಾರಂದ, ಕಿಟಕಿಗಳ ಕೆಲಸ ಅವನಿಗೆ ಸಿಕ್ಕಿತ್ತು. ಕೈಯಲ್ಲಿ ಕೀಸುತ್ತ ಕೂತರೆ ಆ ಮನೆಗಳ ಮಕ್ಕಳು ದೊಡ್ಡವರಾಗಿಬಿಡುತ್ತಿದ್ದರು. ಮಷಿನ್ ಒಂದೇ, ಮಾಡುವ ಕೆಲಸ ಮೂರು: ಮರ ಕೊಯ್ಯುವುದು, ರಂದಾ ಹೊಡೆಯುವುದು, ತೂತು ಕೊರೆಯುವುದು. ತೆಂಗಿನಕಾಯಿ ಒಡೆದು, ಊದುಬತ್ತಿ ಹಚ್ಚಿ, ಅವನು ಸ್ವಿಚ್ ಒತ್ತಿದ. ಹಿತ್ತಲಿನ ಹುಣಸೆಮರದಲ್ಲಿದ್ದ ಕಾಗೆಗಳೆಲ್ಲ ಎದ್ದು ಸಮುದ್ರದ ಕಡೆಗೆ ಹೋದವು. ಪ್ರಸಾದಕ್ಕೆ ಬಂದಿದ್ದವರು ಕೈಯಲ್ಲಿ ಅವಲಕ್ಕಿ ಹಿಡಿದುಕೊಂಡು ಒಬ್ಬರ ಬಾಯಿ ಒಬ್ಬರು ನೋಡಿದರು. ಬಾಯಿ ಆಡುತ್ತಿತ್ತು, ಮಾತು ಕೇಳುತ್ತಿರಲಿಲ್ಲ.

ಒಂದು ತಿಂಗಳಲ್ಲಿ ಶ್ರೀಮತಿಗೆ ಸದ್ದಿನಿಂದಲೇ ಮರದ ಜಾತಿ ತಿಳಿಯತೊಡಗಿತು. ಹಲಸು ಮುಲುಗುತ್ತಿತ್ತು. ಸಾಗವಾನಿ ಒಂದೇ ಸಮನೆ ಗೊಣಗುತ್ತಿತ್ತು. ಮತ್ತಿ ಮಾತ್ರ ಕಿರುಚಿಕೊಳ್ಳುತ್ತಿತ್ತು. ಮತ್ತಿಯ ದಿನ ಅವಳು ಫೋನೆತ್ತಿದರೆ ಒಂದು ಕಿವಿಗೆ ಬೆರಳು ತುರುಕಿ, ಮೇಜಿನ ಕೆಳಗೆ ತಲೆ ಬಗ್ಗಿಸಿ ಮಾತಾಡಬೇಕಾಗುತ್ತಿತ್ತು. ಪಾಗಾರದ ಬಳಿ ಹೋಗಿ ಅವಳು ಮೂರು ಸಲ ಹೇಳಿ ನೋಡಿದಳು. ಕಿವಿಗೆ ಹತ್ತಿ ಇಟ್ಟುಕೊಂಡಿದ್ದ ಆಚಾರಿ ಮೂರು ಸಲವೂ "ಆತು" ಎಂದ. ಅವನು ಎಲ್ಲದಕ್ಕೂ ಹಾಗೇ ಹೇಳುವವನು.

ಜನವರಿಯಲ್ಲಿ ಒಂದು ಮತ್ತಿಯ ದಿನವೇ ಬೊಂಬಾಯಿಯಿಂದ ಫೋನು ಬಂತು. ಎದುರುಮನೆ ತಿಮ್ಮಪ್ಪನ ತಮ್ಮನ ಮಗ ನರೇಶ. ತಿಮ್ಮಪ್ಪ ಬೊಂಬಾಯಿಯ ಒಂದು ಕ್ಯಾಂಟೀನಿನಲ್ಲಿ ಮೂವತ್ತು ವರ್ಷದಿಂದ ಕೆಲಸಕ್ಕಿದ್ದವನು. ಇಲ್ಲಿ ಅವನ ಹೆಂಡತಿ ಮಂಜಿ ಇದ್ದಳು. ಒಬ್ಬನೇ ಮಗ ಹರೀಶ ದುಬೈಯಲ್ಲಿದ್ದ.

"ದೊಡ್ಡಪ್ಪ ಬೆಳಿಗ್ಗೆ..." ಎಂದ ನರೇಶ. ಪಾಗಾರದ ಆಚೆ ಹಲಗೆ ಮಷಿನ್ನಿಗೆ ಸಿಕ್ಕಿತು. "...ಹೋದ. ಮನೇಲಿ ಹೇಳಿ."

ಶ್ರೀಮತಿ ಮೇಜಿನ ಕೆಳಗೆ ಬಗ್ಗಿದಳು. "ಎಂತ? ಎಂತ ಹೇಳಿದ್ದು?"

"ಹೋದ, ಹೋದ! ಬೆಳಿಗ್ಗೆ ಐದಕ್ಕೆ!"

"ಅಯ್ಯೋ ದೇವ್ರೆ. ಎಂತದ್ರಲ್ಲಿ?"

"ಜನರಲ್ಲಲ್ಲಿ!" ಎಂದ ನರೇಶ, ರೈಲಿನ ಜನರಲ್ ಡಬ್ಬಿಯಲ್ಲಿ ಎಂದು. ಶ್ರೀಮತಿಗೆ ಕೇಳಿದ್ದು ಜ್ವರದಲ್ಲಿ ಎಂದು.

ಅವಳು ಎಚ್ಚರದ ಹೆಂಗಸು. ಇಷ್ಟಕ್ಕೇ ಬಿಡಲಿಲ್ಲ. ಈಗ ಮುಂದೆ ಎಂತ ಅಂತ ಕೇಳಿದಳು. "ನಾಳೆ ಮಧ್ಯಾಹ್ನದ ಮೇಲೆ ಅಲ್ಲಿ ಮುಟ್ತದೆ" ಎಂದ ನರೇಶ, ನಡುದಾರಿಯಲ್ಲಿ ಬದಲಿಸಿ ಹತ್ತುವ ಎರಡನೆಯ ರೈಲಿನ ಬಗ್ಗೆ. ಮುಟ್ತಾನೆ ಅನ್ನಲಿಲ್ಲ, ಮುಟ್ತದೆ ಅಂದ. ಶ್ರೀಮತಿಗೆ ಉಳಿದಿದ್ದ ಸಂಶಯವೂ ಹೋಯಿತು. ಸುದ್ದಿ ಬಂದ ಹಾಗೇ ಮನೆ ಮುಟ್ಟಬೇಕೆಂದು ಅವಳು ಕಾಲೆಳೆಯುತ್ತ ರಸ್ತೆ ದಾಟಿ, ಭತ್ತ ಒಣಗಿಸುತ್ತಿದ್ದ ಮಂಜಿಯ ಕೈ ಹಿಡಿದು ಕೂರಿಸಿ, ಹೇಳಿದಳು.

ಸಾವಿನ ಸುದ್ದಿ ತಿಳಿದೊಡನೆ ವೆಂಕಟ್ರಮಣ ಮಷಿನ್ ನಿಲ್ಲಿಸಿದ. ಅರ್ಧ ಗಂಟೆ ತಡವಾಗಿತ್ತು.

ಕೇರಿ ಮಾಡಬೇಕಾದದ್ದನ್ನೆಲ್ಲ ಮಾಡಿತು. ಹರೀಶನಿಗೆ ತಿಳಿಸಲು ಎಷ್ಟು ಸಲ ತಿರುಗಿಸಿದರೂ ದುಬೈಗೆ ಲೈನ್ ಸಿಗಲಿಲ್ಲ. ಆ ದಿನ ಸರಿಯಾಗಿ ಆದದ್ದು ಅದೊಂದೇ. ಪಂಚಾಯತ ಮೆಂಬರ್ ಗಣಪಿ ನಾಯ್ಕ ಮುಂದೆ ನಿಂತು, ಚಿತೆಯ ಸೌದೆಗೆಂದು ತಿಮ್ಮಪ್ಪನ ಹಿತ್ತಲಿನ ಕಸಿ ಮಾವಿನ ಮರ ಕಡಿಸಿದ. ಒಳಗೆ ಒಬ್ಬಳು ಹಿರಿಯ ಹೆಂಗಸು ಮಂಜಿಯ ಬಲಗೈ ಬಳೆ ಒಡೆದಾಗಿತ್ತು. ಅಷ್ಟರಲ್ಲಿ ಯಾರೋ "ಹೆಣ ಬರದೆ ಅದೆಲ್ಲ ಮಾಡುಕಾಗ" ಎಂದು ಕೈ ಹಿಡಿದು ತಡೆದರು. ಹಾಗಾಗಿ ಮಂಜಿ ಎಡಗೈಯಲ್ಲಿ ಬಳೆ ಇಟ್ಟುಕೊಂಡು, ಬಲಗೈ ಬೋಳಾಗಿ, ಒಂದೂವರೆ ದಿನ ಗೋಡೆಗೆ ಒರಗಿ ಕೂತಿದ್ದಳು.

ಮರುದಿನ ನಾಲ್ಕು ಗಂಟೆಗೆ ತಿಮ್ಮಪ್ಪ ಒಂದು ಸೂಟ್‌ಕೇಸು, ಒಂದು ಹಾಸಿಗೆಯ ಸುರುಳಿ ಹಿಡಿದುಕೊಂಡು ರಿಕ್ಷಾದಿಂದ ಇಳಿದ. ಕ್ಯಾಂಟೀನು ಮುಚ್ಚಿತ್ತು, ಅವನು ಕಾಯಂ ಊರಿಗೆ ಬಂದಿದ್ದ. ಅಂಗಳದಲ್ಲಿ ಅಷ್ಟೊಂದು ಜನ ನಿಂತದ್ದು ನೋಡಿ ಅವನ ಮುಖ ಸಣ್ಣದಾಯಿತು.

"ಯಾರು ಹೋದ್ದು?" ಎಂದು ಕೇಳಿದ.

ಅವನು ಹಿತ್ತಲಿನ ಕಡೆ ನೋಡಿದ. ಅಲ್ಲಿ ಆಕಾಶ ಕಾಣುತ್ತಿತ್ತು.

"ನನ್ನ ಮಾವಿನ ಮರ ಎಂತಕ್ಕೆ ಕಡಿದ್ರಿ?"

"ಸೌದೆಗೆ" ಎಂದ ಗಣಪಿ.

"ಯಾರಿಗೆ?"

"ನಿಮಗೇ, ಮಾರಾಯ್ರೆ."

ತಿಮ್ಮಪ್ಪ ಸೂಟ್‌ಕೇಸಿನ ಮೇಲೆ ಕೂತ. ಸತ್ತ ವಿಷಯವನ್ನು ಅವನು ಎರಡು ದಿನದಲ್ಲಿ ಮರೆತ. ಮರದ ವಿಷಯವನ್ನು ಕೊನೆಯವರೆಗೂ ಮರೆಯಲಿಲ್ಲ. ಮಂಜಿ ಮಾತ್ರ ಬೇರೆ ಥರ. ಗಂಡ ಜೀವಂತ ಬಂದನಲ್ಲ ಎಂದು ಅವಳು ಅತ್ತಳು, ನಕ್ಕಳು, ಎದ್ದು ಚಾ ಮಾಡಿದಳು. ಸಂಜೆ ಶ್ರೀಮತಿ ಅಂಗಳಕ್ಕೆ ಬಂದು "ಮಂಜಕ್ಕ, ನನ್ನಿಂದ ತಪ್ಪಾತು" ಎಂದಾಗ ತನ್ನ ಬೋಳು ಬಲಗೈಯನ್ನು ಎತ್ತಿ ತೋರಿಸಿದಳು.

"ಇದ್ ಮಾಡ್ಸಿದ್ದು ನೀನು. ನಿನ್ನ ಬಾಯಿಂದ ನಾ ಒಂದೂವರೆ ದಿನ ಮುಂಡೆಯಾದೆ." ಅಷ್ಟು ಹೇಳಿ ಒಳಗೆ ಹೋದಳು. ಆಮೇಲೆ ಅವಳು ಬೂತಿನ ಮೆಟ್ಟಿಲು ಹತ್ತಲಿಲ್ಲ.

ಮರುದಿನ ಶ್ರೀಮತಿ ಕೂತು, ದುಂಡು ಅಕ್ಷರದಲ್ಲಿ, ಪಂಚಾಯತಕ್ಕೆ ಅರ್ಜಿ ಬರೆದಳು. ಮರಗೆಲಸದ ಯಂತ್ರದ ಶಬ್ದದಿಂದ ಸಾರ್ವಜನಿಕರಿಗೆ ಬದುಕಿರುವವರು ಯಾರು, ಸತ್ತವರು ಯಾರು ಎಂದು ತಿಳಿಯದಂತಾಗಿದೆ, ಸ್ಥಳ ತನಿಖೆ ಮಾಡಬೇಕು ಎಂದು.

ಗಣಪಿ ನಾಯ್ಕ ಮತ್ತು ಕಾರ್ಯದರ್ಶಿ ಸ್ಥಳ ತನಿಖೆಗೆ ಬಂದ ದಿನ ಕರೆಂಟು ಇರಲಿಲ್ಲ. ಅರ್ಧ ತಾಸು ಶೆಡ್ಡಿನಲ್ಲಿ ನಿಂತು, ಕಿವಿಗೊಟ್ಟು, "ಶಬ್ದ ಕಂಡುಬರಲಿಲ್ಲ" ಎಂದು ಬರೆದುಕೊಂಡು ಹೋದರು. ಎರಡನೆಯ ಸಲ ಬಂದಾಗ ಮಷಿನ್ನಿನ ಬೆಲ್ಟು ಕಡಿದಿತ್ತು. ಮೂರನೆಯ ಸಲ ಮಷಿನ್ ಚೆನ್ನಾಗಿಯೇ ನಡೆಯುತ್ತಿತ್ತು. ಶ್ರೀಮತಿ ತನ್ನ ಕಷ್ಟ ಹೇಳಿದಳು, ಆಚಾರಿ ತನ್ನದು ಹೇಳಿದ, ಗಣಪಿ ಇಬ್ಬರಿಗೂ ಬುದ್ಧಿ ಹೇಳಿದ, ಎಲ್ಲರೂ ತಲೆ ಆಡಿಸಿದರು. ಆಮೇಲೆ ಆಚಾರಿ ಸ್ವಿಚ್ ಆರಿಸಿ ಕಿವಿಯ ಹತ್ತಿ ತೆಗೆದು, "ಎಂತ ತೀರ್ಮಾನ ಆತು?" ಎಂದು ಕೇಳಿದಾಗ ಒಬ್ಬರಿಗೂ ಗೊತ್ತಿರಲಿಲ್ಲ.

ದಾರಿ ಹುಡುಕಿದವನು ಕಡೆಗೆ ವೆಂಕಟ್ರಮಣನೇ. ಅವನಿಗೂ ಮಂಜಿಯ ಆ ಬೋಳು ಕೈ ಕಣ್ಣಮುಂದೆ ಬರುತ್ತಿತ್ತು. ಒಂದು ಭಾನುವಾರ ಪಾಗಾರದ ಮೇಲಿಂದ ವಯರು ಎಳೆದು ಶ್ರೀಮತಿಯ ಮೇಜಿನ ಬದಿಗೆ ಒಂದು ಸ್ವಿಚ್ಚು, ಮಷಿನ್ನಿನ ಎದುರಿಗೆ ಒಂದು ಕೆಂಪು ಬಲ್ಬು ಹಾಕಿದ.

"ಫೋನು ಬಂದ್ರೆ ಒತ್ತಿ. ನಾ ನಿಲ್ಲಿಸ್ತೇನೆ" ಎಂದ. ಅವನು ಅಷ್ಟು ಉದ್ದ ಮಾತಾಡಿದ್ದನ್ನು ಶ್ರೀಮತಿ ಅದೇ ಮೊದಲು ಕೇಳಿದ್ದು.

ಬಲ್ಬಿನ ಕೆಲಸದಲ್ಲಿ ಒಂದು ತಪ್ಪೂ ಆಗಲಿಲ್ಲ. ಅವಳು ಒತ್ತುತ್ತಿದ್ದಳು, ಅವನು ನಿಲ್ಲಿಸುತ್ತಿದ್ದ. ಆಮೇಲೆ ಸತ್ತವರು ಯಾರೂ ರಿಕ್ಷಾದಲ್ಲಿ ಬರಲಿಲ್ಲ. ಆದರೆ ವರ್ಷ ತುಂಬುವ ಮೊದಲೇ ಶ್ರೀಮತಿಗೆ ಇನ್ನೊಂದು ವಿಷಯ ಗಮನಕ್ಕೆ ಬಂತು. ಬೆಳಗಿನಿಂದ ಸದ್ದು ಕೇಳಿ ಕೇಳಿ ಅಭ್ಯಾಸವಾಗಿದ್ದ ಕೇರಿಗೆ ಅದು ನಿಂತ ಕೂಡಲೇ ಫೋನು ಬಂದದ್ದು ಗೊತ್ತಾಗುತ್ತಿತ್ತು. ಬಾವಿಕಟ್ಟೆಯಲ್ಲಿ ಕೊಡಪಾನ ಅರ್ಧಕ್ಕೆ ನಿಲ್ಲುತ್ತಿತ್ತು. ಒರಳಿನಲ್ಲಿ ಕಾಯಿ ರುಬ್ಬುವವರು ಕೈ ನಿಲ್ಲಿಸುತ್ತಿದ್ದರು. ಕ್ಯಾಬಿನ್ನಿನ ಬಾಗಿಲು ಮೊದಲೇ ನಾಲ್ಕು ಬೆರಳು ತೆರೆದದ್ದು. ದೂರದ ಊರಿಗೆ ಮಾತಾಡುವವರು ದೂರಕ್ಕೆ ತಕ್ಕಷ್ಟು ಜೋರಾಗಿಯೇ ಮಾತಾಡುವವರು. ಒಬ್ಬರ ಮೂಲವ್ಯಾಧಿ ಆಪರೇಷನ್ನಿನ ವಿವರ ಹದಿನಾರು ಮನೆಗೂ ಒಟ್ಟಿಗೆ ತಿಳಿಯಿತು. ಇನ್ನೊಂದು ಮನೆಯ ಹುಡುಗಿಗೆ ತಾನು ಗಂಡಿನವರಿಗೆ ಒಪ್ಪಿಗೆಯಾಗಲಿಲ್ಲ ಎಂಬುದು ನೆರೆಮನೆಯವರ ಮುಖ ನೋಡಿ ಗೊತ್ತಾಯಿತು. ಯಾರೂ ಮೆಟ್ಟಿಲು ಹತ್ತಿ ಬಂದು ಕೇಳಿರಲಿಲ್ಲ. ಮಾತೇ ಇಳಿದು ಹೋಗುತ್ತಿತ್ತು. ತನ್ನ ನೇಮದಲ್ಲಿ ಒಂದನ್ನು ಉಳಿಸಿಕೊಳ್ಳಲು ಹೋಗಿ ಇನ್ನೊಂದನ್ನು ಕಳೆದುಕೊಂಡೆ ಎಂದು ಶ್ರೀಮತಿಗೆ ಅನಿಸಿತು. ಇದಕ್ಕೆ ಪಂಚಾಯತಕ್ಕೆ ಅರ್ಜಿ ಬರೆಯುವ ಹಾಗಿರಲಿಲ್ಲ. ಏನೆಂದು ಬರೆಯುವುದು? ಶಬ್ದ ಇಲ್ಲದ ಕಾರಣ ತೊಂದರೆಯಾಗಿದೆ ಎಂದೇ?

ತಿಮ್ಮಪ್ಪನ ಮಗ ಹರೀಶ ತೊಂಬತ್ತೊಂಬತ್ತರ ಮೇ ತಿಂಗಳಲ್ಲಿ ರಜೆಗೆ ಬಂದಾಗ ಅವನಿಗೆ ಮದುವೆ ಮಾಡಿದ್ದರು. ಹುಡುಗಿ ಕುಮಟೆ ಕಡೆಯವಳು, ತದಡಿಯ ರೇಖಾ. ಮದುವೆಯಾಗಿ ನಲವತ್ತು ದಿನಕ್ಕೆ ಹರೀಶ ದುಬೈಗೆ ಹೋದ. ಎರಡು ವರ್ಷ ಬಿಟ್ಟು ನಲವತ್ತು ದಿನದ ಮಟ್ಟಿಗೆ ಬಂದು, ಮತ್ತೆ ಹೋದ. ಎರಡು ಸಾವಿರದ ಎರಡರ ಹೊತ್ತಿಗೆ ಮದುವೆಯಾಗಿ ಮೂರು ವರ್ಷ, ಇನ್ನೂ ಮಕ್ಕಳಿಲ್ಲ ಎಂದು ಕೇರಿ ಮಾತಾಡತೊಡಗಿತ್ತು. ಮಂಜಿ ಸೊಸೆಯನ್ನು ಕರೆದುಕೊಂಡು ಹರಕೆ ಹೊರುತ್ತ ತಿರುಗಿದಳು. ಸೋಮವಾರ ಒಂದು ದೇವರು, ಮಂಗಳವಾರ ಇನ್ನೊಂದು, ನಾಗನ ಕಲ್ಲಿಗೆ ಹಾಲು, ಮುರ್ಡೇಶ್ವರದ ಆಚೆ ಒಬ್ಬರ ತಾಯತ.

ಶುಕ್ರವಾರ ದುಬೈಯಲ್ಲಿ ರಜೆ. ಹನ್ನೊಂದೂವರೆಗೆ ಹರೀಶನ ಫೋನು ಬರುತ್ತಿತ್ತು. ಮೇಜಿನ ಫೋನಿಗೆ ಬಂದ ಕರೆಯನ್ನು ಶ್ರೀಮತಿ ಕ್ಯಾಬಿನ್ನಿಗೆ ಕೊಡುತ್ತಿದ್ದಳು, ಮಷಿನ್ ನಿಲ್ಲುತ್ತಿತ್ತು, ರೇಖಾ ಮಾತಾಡುತ್ತಿದ್ದಳು. ಮಂಜಿ ಎದುರಿನ ತನ್ನ ಜಗಲಿಯಲ್ಲೇ ಕೂತು ಅಕ್ಕಿ ಆರಿಸುತ್ತಿದ್ದಳು. ಅಲ್ಲಿಂದ ಅವಳಿಗೆ ಬೇಕಾದಷ್ಟು ಕೇಳುತ್ತಿತ್ತು. ಹಾಗಾಗಿ ರೇಖಾ ಆಡುವ ಮಾತು ಮೂರೇ: ಹೌದು, ಇಲ್ಲ, ಎಲ್ಲ ಆರಾಮ.

ಒಂದು ಶುಕ್ರವಾರ ಅವಳು ಹತ್ತು ನಿಮಿಷ ಮುಂಚೆಯೇ ಬಂದು ಮೇಜಿನ ಹತ್ತಿರ ನಿಂತಳು. ಪಾಗಾರದ ಆಚೆ ಮತ್ತಿ ಕಿರುಚುತ್ತಿತ್ತು. ರೇಖಾ ಬಗ್ಗಿ ಶ್ರೀಮತಿಯ ಕಿವಿಯಲ್ಲಿ ಹೇಳಿದಳು.

"ಶ್ರೀಮತಕ್ಕ, ಇವತ್ತೊಂದಿನ ಆ ಲೈಟ್ ಹಾಕ್ಬೇಡಿ."

"ಎಂತಕ್ಕೆ? ಎಂತದೂ ಕೇಳುದಿಲ್ಲ ಮಾರಾಯ್ತಿ."

"ಅವ್ರಿಗೊಬ್ರಿಗೆ ಕೇಳಿದ್ರೆ ಸಾಕು. ನಾ ಕೂಗಿ ಹೇಳ್ತೆ."

ಶ್ರೀಮತಿ ಅವಳ ಮುಖ ನೋಡಿದಳು. ಹೋದ ತಿಂಗಳು ತವರಿಗೆ ಹೋಗಿದ್ದಾಗ ರೇಖಾ ತಾಯಿಯ ಜೊತೆ ಕುಮಟೆಯಲ್ಲಿ ಲೇಡಿ ಡಾಕ್ಟರನ್ನು ಕಂಡು ಬಂದಿದ್ದಳು. ಅದನ್ನು ಅವಳು ಈಗ ಶ್ರೀಮತಿಗೆ ಬಿಟ್ಟರೆ ಬೇರೆ ಯಾರಿಗೂ ಹೇಳಿರಲಿಲ್ಲ. ಕಾಗದ ಬರೆಯೋಣವೆಂದರೆ ಹರೀಶನ ಉತ್ತರ ಮೊದಲು ಮಾವನ ಕೈಗೆ ಬರುತ್ತಿತ್ತು, ಅವನು ಅದನ್ನು ಜಗಲಿಯಲ್ಲಿ ಕೂತು ಗಟ್ಟಿಯಾಗಿ ಓದುತ್ತಿದ್ದ. "ಅತ್ತೆ ಮೊನ್ನೆಯಿಂದ ಬೇರೆ ಯೋಚನೆ ಮಾಡ್ವಾ ಅಂತ ಹೇಳ್ತಿದ್ದಾರೆ" ಎಂದಳು ರೇಖಾ. ಬೇರೆ ಯೋಚನೆ ಎಂದರೆ ಹರೀಶನಿಗೆ ಇನ್ನೊಂದು ಮದುವೆ ಎಂದು ಶ್ರೀಮತಿಗೆ ಕೇಳದೆಯೇ ತಿಳಿಯಿತು. ಸ್ವಿಚ್ಚಿನಿಂದ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು.

ಫೋನು ಬಂತು. ರೇಖಾ ಕ್ಯಾಬಿನ್ನಿಗೆ ಹೋಗಿ, ಬಾಗಿಲು ಎಷ್ಟು ಬರುತ್ತದೋ ಅಷ್ಟು ಎಳೆದುಕೊಂಡು, ಕೂಗಿದಳು. ಒಂದು ಮಾರು ದೂರದಲ್ಲಿದ್ದ ಶ್ರೀಮತಿಗೂ ಪೂರ್ತಿ ಕೇಳಲಿಲ್ಲ. ಗಾಜಿನ ಆಚೆ ಅವಳ ಕತ್ತಿನ ನರ ಉಬ್ಬುವುದು ಮಾತ್ರ ಕಾಣುತ್ತಿತ್ತು. ಎದುರು ಜಗಲಿಯಲ್ಲಿ ಮಂಜಿ ಮೊರ ಹಿಡಿದುಕೊಂಡು ಇತ್ತಲೇ ನೋಡುತ್ತಿದ್ದಳು. ಇವತ್ತು ಮಷಿನ್ ಏಕೆ ನಿಲ್ಲಲಿಲ್ಲ ಎಂದು ಅವಳಿಗೆ ಅರ್ಥವಾದ ಹಾಗಿರಲಿಲ್ಲ. ನಾಲ್ಕು ನಿಮಿಷ ಹೀಗೆ ನಡೆಯಿತು. ಮಷಿನ್ನಿನ ಸದ್ದು ತನಗೆ ಹಿತವಾಗಿ ಕೇಳುತ್ತಿದೆ ಎಂದು ಶ್ರೀಮತಿಗೆ ಆ ನಾಲ್ಕು ನಿಮಿಷ ಅನಿಸಿತು.

ಐದನೆಯ ನಿಮಿಷಕ್ಕೆ ಕರೆಂಟು ಹೋಯಿತು.

ಗರಗಸದ ಚಕ್ರ ಒಂದೇ ಸಲಕ್ಕೆ ನಿಲ್ಲುವುದಿಲ್ಲ. ಕಿರುಚಾಟ ಇಳಿದು ಮುಲುಗಾಗಿ, ಮುಲುಗು ಇಳಿದು ಉಸಿರಾಗಿ, ಆಮೇಲೆ ನಿಲ್ಲುತ್ತದೆ. ಶ್ರೀಮತಿ ಎದ್ದು ಗಾಜು ಬಡಿಯಬೇಕೆಂದು ಕಾಲು ಊರಿದಳು. ಆ ಕಾಲು ಯಾವತ್ತೂ ಅವಸರಕ್ಕೆ ಬಂದದ್ದಲ್ಲ. ಫೋನಿಗೆ ಕರೆಂಟು ಬೇಡ. ಒಂದು ಕಿವಿಗೆ ರಿಸೀವರು, ಇನ್ನೊಂದಕ್ಕೆ ಬೆರಳು ಒತ್ತಿಕೊಂಡು ಕಣ್ಣು ಮುಚ್ಚಿದ್ದ ರೇಖಾಗೆ ಸದ್ದು ನಿಂತದ್ದು ತಿಳಿಯಲಿಲ್ಲ.

"ನಂದು ಎಲ್ಲ ಸರಿ ಅದೆ! ಡಾಕ್ಟ್ರು ಬರೆದು ಕೊಟ್ಟಿದ್ದಾರೆ! ಪರೀಕ್ಷೆ ಆಗ್ಬೇಕಾದ್ದು ನಿಮ್ದು! ನಿಮ್ದು!" ಮಾತು ಕೇರಿಯ ಈ ತುದಿಯಿಂದ ಆ ತುದಿಗೆ ಹೋಯಿತು. "ಮೂರು ವರ್ಷ ಎಲ್ಲಾತು? ಎಂಬತ್ತು ದಿನ! ನಾ ಲೆಕ್ಕ ಇಟ್ಟಿದ್ದೇನೆ, ಎಂಬತ್ತೇ ದಿನ!"

ಬಾವಿಯಲ್ಲಿ ಯಾರದ್ದೋ ಕೊಡಪಾನ ಹಗ್ಗ ಸಮೇತ ಕೆಳಗೆ ಬಿತ್ತು. ರೇಖಾ ಕಣ್ಣು ಬಿಟ್ಟಳು. ಗಾಜಿನ ಈಚೆ ನಿಂತ ಶ್ರೀಮತಿಯನ್ನು ನೋಡಿದಳು, ರಸ್ತೆಯಾಚೆಯ ಅತ್ತೆಯನ್ನು ನೋಡಿದಳು. ಅವಳ ಕೈಯಲ್ಲಿದ್ದ ಫೋನಿನಲ್ಲಿ ಹರೀಶ "ಹಲೋ, ಹಲೋ" ಎನ್ನುತ್ತಿದ್ದ. ಅದೂ ಎಲ್ಲರಿಗೂ ಕೇಳುತ್ತಿತ್ತು.

ಆಗ ಪಾಗಾರದಾಚೆ ಟಕ್ ಎಂದು ಒಂದು ಸದ್ದಾಯಿತು. ಮತ್ತೊಂದಾಯಿತು. ವೆಂಕಟ್ರಮಣ ಕಿವಿಯಲ್ಲಿ ಹತ್ತಿ ಇಟ್ಟುಕೊಂಡೇ, ಈ ಕಡೆ ತಿರುಗಿಯೂ ನೋಡದೆ, ಮೂಲೆಯ ಹಳೆಯ ಕೊಡತಿ ಎತ್ತಿಕೊಂಡು ಒಂದು ಹಲಗೆಗೆ ಉಳಿ ಇಟ್ಟು ಹೊಡೆಯತೊಡಗಿದ್ದ. ಮೊದಲು ನಿಧಾನ, ಆಮೇಲೆ ಬೀಸಿ ಬೀಸಿ. ಭಟ್ಕಳದ ಯಾರದ್ದೋ ಬಾಗಿಲಿಗೆ ಹೋಗಬೇಕಾಗಿದ್ದ ಹಲಗೆ ಅದು. ಅದಕ್ಕೆ ತೂತು ಬೇಕಿರಲಿಲ್ಲ. ರೇಖಾ ಉಳಿದದ್ದನ್ನು ಹೇಳಿ ಮುಗಿಸಿ ಫೋನಿಡುವವರೆಗೆ ಅವನು ಹೊಡೆದ. ಆಮೇಲೆ ಶ್ರೀಮತಿ ಎಣಿಸಿದಾಗ ಇಪ್ಪತ್ತಮೂರು ತೂತುಗಳಿದ್ದವು.

"ನೀರು ಕುಡಿ, ರೇಖಾ" ಎಂದಳು ಶ್ರೀಮತಿ. ರೇಖಾ ಬೇಡವೆಂದು ತಲೆಯಾಡಿಸಿ, ಸೆರಗು ಸರಿಮಾಡಿಕೊಂಡು, ರಸ್ತೆ ದಾಟಿ, ಅತ್ತೆಯ ಪಕ್ಕದಿಂದ ಹಾದು ಒಳಗೆ ಹೋದಳು. ಮಂಜಿ ಮೊರದ ಅಕ್ಕಿಯನ್ನೇ ನೋಡುತ್ತಿದ್ದಳು.

ಆ ವಾರ ಕೇರಿಯಲ್ಲಿ ಯಾರೂ ಆ ಮಾತೆತ್ತಲಿಲ್ಲ. ಅದಕ್ಕೇ ಶ್ರೀಮತಿಗೆ ಹೆದರಿಕೆಯಾಯಿತು. ಎದುರುಮನೆಯಲ್ಲಿ ಮಂಜಿ ಸೊಸೆಯ ಹತ್ತಿರ ಮಾತಾಡುತ್ತಿಲ್ಲ, ಬಡಿಸಿದ್ದನ್ನು ಉಣ್ಣುತ್ತಾಳೆ, ಅಷ್ಟೇ ಎಂದು ಸುದ್ದಿ. ತಿಮ್ಮಪ್ಪ ಹೊತ್ತಿಡೀ ಹೊರಗಿದ್ದು, ಆಗಲೇ ಕಟ್ಟಿದ್ದ ಬೇಲಿಯನ್ನು ಬಿಚ್ಚಿ ಮತ್ತೆ ಕಟ್ಟುತ್ತಿದ್ದ. ತಾನು ಸ್ವಿಚ್ ಒತ್ತಿದ್ದರೆ ರೇಖಾ ಯಾವತ್ತಿನ ಮೂರು ಮಾತು ಆಡಿ ಮನೆಗೆ ಹೋಗುತ್ತಿದ್ದಳಲ್ಲ ಎಂದು ಶ್ರೀಮತಿ ಯೋಚಿಸಿದಳು. ಅದು ಒಳ್ಳೆಯದಾಗುತ್ತಿತ್ತೇ ಎಂದೂ ಯೋಚಿಸಿದಳು.

ಮುಂದಿನ ಶುಕ್ರವಾರ ಹನ್ನೊಂದು ಗಂಟೆಗೆ ಮಂಜಿ ಒಗೆದ ಸೀರೆ ಉಟ್ಟು ರಸ್ತೆ ದಾಟಿದಳು. ಮೊದಲು ಆಚಾರಿಯ ಶೆಡ್ಡಿನ ಎದುರು ನಿಂತು ಕೈ ಬೀಸಿದಳು. ಅವನು ಹತ್ತಿ ತೆಗೆದ.

"ಮಷಿನ್ ನಿಲ್ಸು, ಆಚಾರಿ. ನಾ ಹೇಳುವರೆಗೆ ಹಾಕ್ಬೇಡ. ಕೊಡತಿಯೂ ಮುಟ್ಬೇಡ."

"ಆತು" ಎಂದ ಅವನು.

ಮೂರು ವರ್ಷದ ಮೇಲೆ ಮಂಜಿ ಬೂತಿನ ಮೆಟ್ಟಿಲು ಹತ್ತಿ ಬೆಂಚಿನ ಮೇಲೆ ಕೂತಳು. ಹರೀಶನ ಕರೆಗೆ ಇನ್ನೂ ಅರ್ಧ ಗಂಟೆ ಇತ್ತು. ಮಷಿನ್ ನಿಂತಿತ್ತು, ಫೋನು ಬಂದಿರಲಿಲ್ಲ, ಕೇರಿ ಸುಮ್ಮನೆ ಕಾಯುತ್ತಿತ್ತು. ಎದುರು ಬಾಗಿಲಿನ ಮರೆಯಲ್ಲಿ ರೇಖಾಳ ಸೀರೆಯ ಅಂಚು ಕಾಣುತ್ತಿತ್ತು. ತಿಮ್ಮಪ್ಪ ಬೇಲಿಯ ಬಳಿ ಹಗ್ಗ ಹಿಡಿದುಕೊಂಡು ನಿಂತಿದ್ದ.

ಫೋನು ಬಂತು. "ಕ್ಯಾಬಿನ್ನಿಗೆ ಕೊಡ್ತೇನೆ, ಮಂಜಕ್ಕ" ಎಂದಳು ಶ್ರೀಮತಿ.

"ಬೇಡ. ಇಲ್ಲೇ ಕೊಡು."

ಅವಳು ಮೇಜಿನ ಫೋನನ್ನೇ ತೆಗೆದುಕೊಂಡಳು. ಬದುಕಿನಲ್ಲಿ ಅವಳು ಫೋನು ಹಿಡಿದದ್ದು ಎರಡೋ ಮೂರೋ ಸಲ. ಮೊದಲು ತಲೆಕೆಳಗಾಗಿ ಹಿಡಿದಳು. ಶ್ರೀಮತಿ ಸರಿಮಾಡಿ ಕೊಟ್ಟಳು. ಆಮೇಲೆ ಮಂಜಿ ರಸ್ತೆಯ ಕಡೆಗೆ ಮುಖ ಮಾಡಿ ನಿಂತು, ಹೊಳೆಯಾಚೆಯವರನ್ನು ಕರೆಯುವ ಸ್ವರದಲ್ಲಿ ಶುರುಮಾಡಿದಳು.

"ಹರೀಶಾ, ನಾನು. ನಿನ್ನಮ್ಮ. ನಿನ್ನ ಹೆಂಡ್ತಿ ಹೋದ ವಾರ ಹೇಳಿದ್ದು ಇಲ್ಲಿ ಎಲ್ಲರಿಗೂ ಕೇಳಿದೆ. ಈಗ ನಾ ಹೇಳುದೂ ಕೇಳ್ಲಿ. ನೀ ಊರಿಗೆ ಬಾ. ಬಂದು ಡಾಕ್ಟ್ರ ಹತ್ರ ಹೋಗು. ಅವ್ಳು ಹೇಳಿದ್ದು ಸರಿ ಅದೆ."

ಆಚೆಯಿಂದ ಹರೀಶ ಏನೋ ಹೇಳಿದ.

"ನಾಚ್ಕೆ ಎಂತದು? ನಾ ಮದ್ವೆಯಾಗಿ ಎಂಟು ವರ್ಷ ನೀ ಹುಟ್ಲಿಲ್ಲ. ಎಂಟು ವರ್ಷ ಹರಕೆ ಅಂತ ನನ್ನ ಕರ್ಕಂಡು ತಿರುಗಿದ್ರು. ಬೆಂಕಿ ಮೇಲೆ ನಡ್ಸುದೊಂದು ಬಾಕಿ ಇತ್ತು. ನಿನ್ನಪ್ಪನಿಗೆ ಬೇರೆ ಹೆಣ್ಣು ನೋಡಿದ್ರು, ಗೊತ್ತದ್ಯಾ ನಿಂಗೆ? ನಿನ್ನಪ್ಪ ಆಗ ವರ್ಷಕ್ಕೆ ಇಪ್ಪತ್ತು ದಿನ ಊರಲ್ಲಿರ್ತಿದ್ರು. ಅವ್ರನ್ನ ಯಾರಾದ್ರೂ ಒಂದು 'ಎಂತ' ಅಂತ ಕೇಳಿದ್ರಾ? ಕೇಳ್ಲಿಲ್ಲ. ನಂಗೂ ಕೇಳ್ಬೇಕು ಅಂತ ಗೊತ್ತಾಗ್ಲಿಲ್ಲ. ಅದನ್ನೇ ನಾ ಅವ್ಳಿಗೆ ಮಾಡ್ದೆ."

ಬೇಲಿಯ ಬಳಿ ತಿಮ್ಮಪ್ಪ ಕೈಯಲ್ಲಿದ್ದ ಹಗ್ಗ ನೋಡಿಕೊಂಡ. ಇದೇ ಕೇರಿಯಲ್ಲಿ ಹಿಂದೆ ಅವನು ಒಂದೂವರೆ ದಿನ ಸತ್ತಿದ್ದ. ಆಗಲೂ ಜನ ಅವನನ್ನು ಇಷ್ಟು ಹೊತ್ತು ನೋಡಿರಲಿಲ್ಲ.

"ಬೇರೆ ಯೋಚನೆ ಅಂತ ನಾ ಹೇಳಿದ್ದು ನಿಜ. ಹಾಗೆ ಹೇಳಬಾರದಿತ್ತು. ಆತು, ಇಡ್ತೇನೆ. ಅವ್ಳು ಬರ್ತಾಳೆ, ಮಾತಾಡು" ಎಂದು ಮಂಜಿ ಫೋನನ್ನು ಇಡಲು ಹೋದಳು. ಇಟ್ಟರೆ ಲೈನ್ ಕಡಿಯುತ್ತದೆ ಎಂದು ಶ್ರೀಮತಿ ಕೈ ತಡೆದಳು. ರೇಖಾ ರಸ್ತೆ ದಾಟಿ ಬರುವಷ್ಟರಲ್ಲಿ ಮಂಜಿ ಪಾಗಾರದ ಕಡೆ ತಿರುಗಿದಳು.

"ಆಚಾರಿ! ಈಗ ಹಾಕು ನಿನ್ನ ಮಷಿನ್! ಗಂಡ ಹೆಂಡ್ತಿ ಮಾತಾಡ್ತಾರೆ!"

ಮಷಿನ್ ಶುರುವಾಯಿತು. ಹಲಸಿನ ಹಲಗೆ ಅವತ್ತು. ಮಂಜಿ ಮೆಟ್ಟಿಲು ಇಳಿಯಲಿಲ್ಲ, ಬೆಂಚಿನ ಮೇಲೇ ಕೂತಳು. ಶ್ರೀಮತಿಯ ಹತ್ತಿರ ಏನೋ ಹೇಳಿದಳು. ಶ್ರೀಮತಿಗೆ ಕೇಳಲಿಲ್ಲ. ಮತ್ತೆ ಹೇಳೆಂದು ಕೈಸನ್ನೆ ಮಾಡಿದಾಗ ಮಂಜಿ ಹತ್ತಿರ ಸರಿದು ಅವಳ ಕಿವಿಯಲ್ಲಿ ಕೂಗಿದಳು: "ನೀರು ಕೊಡು ಅಂದೆ!"

ಹರೀಶ ಏಪ್ರಿಲಿನಲ್ಲಿ ಬಂದ, ಈ ಸಲ ಮೂರು ತಿಂಗಳಿಗೆ. ಅವನೂ ರೇಖಾಳೂ ನಾಲ್ಕು ಸಲ ಮಂಗಳೂರಿಗೆ ಹೋಗಿ ಬಂದರು. ಡಾಕ್ಟರು ಏನು ಹೇಳಿದರು, ಯಾವ ಔಷಧಿ ಕೊಟ್ಟರು ಎಂಬುದು ಕೇರಿಗೆ ತಿಳಿಯಲಿಲ್ಲ, ಮಂಜಿಯ ಹತ್ತಿರ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಹರಕೆಯ ತಿರುಗಾಟ ನಿಂತಿತು. ಶುಕ್ರವಾರಗಳಂದು ಮಂಜಿ ಅಬ್ಬಲಿಗೆ ಹೂವಿನ ಬುಟ್ಟಿ ಹಿಡಿದುಕೊಂಡು ಹತ್ತೂವರೆಗೇ ಬೂತಿಗೆ ಬಂದು, ಫೋನು ಬರುವವರೆಗೆ ಮಾಲೆ ಕಟ್ಟುತ್ತ ತನ್ನ ಆ ಎಂಟು ವರ್ಷದ ಕತೆಯನ್ನು ಮಷಿನ್ನಿಗಿಂತ ಜೋರಾಗಿ ಹೇಳುತ್ತಿದ್ದಳು. ಶ್ರೀಮತಿ ಒಂದು ಕೈಯಲ್ಲಿ ದಾರ ಹಿಡಿದು, ಇನ್ನೊಂದು ಕೈಯನ್ನು ಕಿವಿಗೆ ಅಡ್ಡ ಇಟ್ಟುಕೊಂಡು, ಕೇಳಿಸಿದಷ್ಟನ್ನು ಕೇಳುತ್ತಿದ್ದಳು.